ಮೇಷ್ಟ್ರು ಚಾರ್ಜರ್ ಆರಿಸಿದ್ದು

ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಆ ಶನಿವಾರ ಎಲ್ಲರಿಗಿಂತ ಮೊದಲು ಎದ್ದದ್ದು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅಡುಗೆಮನೆಯ ಕಿಟಕಿಯಿಂದ ಕೆಳಗೆ ಕಾರಿನ ತನಕ ಇಳಿಬಿಟ್ಟಿದ್ದ ಎಕ್ಸ್‌ಟೆನ್ಷನ್ ವೈರಿನ ಡಬ್ಬಿ ರಾತ್ರಿ ಕಾದು, ಕರಗಿ, ಒಲೆಕಟ್ಟೆಗೆ ಅಂಟಿಕೊಂಡು ಕೂತಿತ್ತು. ಕೆಳಗೆ ಕಾರು ಅರೆಹೊಟ್ಟೆಯಲ್ಲಿ ನಿಂತಿತ್ತು.

ಈ ಕರೆಂಟ್ ಕಾರು ಬಂದು ತಿಂಗಳಾಗುತ್ತ ಬಂದಿತ್ತು. ಕಾರು ಆರಿಸಿದ್ದು, ಸಾಲ ಮಾಡಿದ್ದು, ಓಡಿಸಲು ಕಲಿತದ್ದು ಎಲ್ಲವೂ ಹೆಂಡತಿ. ಮನೆಯ ಗೋಡೆಗೆ ಹಾಕಿಸುವ ಚಾರ್ಜರ್ ಯಾವುದಿರಬೇಕು ಎಂದು ತೀರ್ಮಾನಿಸುವ ಒಂದೇ ಒಂದು ಕೆಲಸವನ್ನು ಅವಳು ಮೇಷ್ಟ್ರಿಗೆ ಬಿಟ್ಟಿದ್ದಳು. ಬಿಟ್ಟದ್ದೇ ತಪ್ಪು. ಪೊರಕೆ ಕೊಳ್ಳಲು ಹೋದರೂ ನಾಲ್ಕು ಅಂಗಡಿ ಹತ್ತಿಳಿದು, ಹಳೇದೇ ವಾಸಿ ಎಂದು ಬರಿಗೈಯಲ್ಲಿ ಬರುವ ಆಸಾಮಿ ಅವರು. ಚಿಕ್ಕ ಚಾರ್ಜರೋ, ದೊಡ್ಡದೋ? ಕೇಬಲ್ ಗಿಡ್ಡವಿರಲೋ, ಉದ್ದವಿರಲೋ? ಒಂದು ರಾತ್ರಿ ಚಿಕ್ಕದು ಎಂದು ಮಲಗಿದರೆ ಬೆಳಗ್ಗೆ ದೊಡ್ಡದು ಎಂದು ಏಳುತ್ತಿದ್ದರು. ಅಲ್ಲಿಯವರೆಗೆ ಕಿಟಕಿಯ ವೈರು ಸಂಸಾರ ತೂಗಿಸುತ್ತಿತ್ತು.

"ಮನೆ ಸುಟ್ಟುಹೋಗ್ತಿತ್ತಲ್ರೀ," ಎಂದಳು ಹೆಂಡತಿ, ಕರಗಿದ ಡಬ್ಬಿಯನ್ನು ಚಾಕುವಿನಿಂದ ಕೆರೆಯುತ್ತ. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಮಾತು ಕಡಿಮೆ, ಆಡಿದರೆ ಇಂಜೆಕ್ಷನ್ ಕೊಟ್ಟಂತೆ. "ಸಂಜೆ ನಾನು ಬರೋಷ್ಟರಲ್ಲಿ ಕೆಳಗೆ ಚಾರ್ಜರ್ ಇರ್ಬೇಕು. ಇಲ್ಲಾಂದ್ರೆ ಕಾರು ನನ್ನ ತಮ್ಮನಿಗೆ. ಅವನು ಹೇಗೂ ಕೇಳ್ತಾನೇ ಇದಾನೆ."

"ಇವತ್ತೇನಾ?"

"ಇವತ್ತೇ. ನಿಮಗೆ ರಜ ಇದೆ. ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೀನಿ, ಎರಡೂ ಥರದ್ದು ತರ್ತಾನೆ. ನೀವು ಬೆರಳು ತೋರಿಸಿದ್ರೆ ಸಾಕು."

ಇದ್ದಷ್ಟು ಚಾರ್ಜಿನಲ್ಲೇ ಕಾರು ಹತ್ತಿ ಅವಳು ಹೊರಟುಹೋದಳು.

ಭಾವಮೈದುನ ಕಾರು ಬಂದ ದಿನವೇ ಸ್ಟೀರಿಂಗ್ ಹಿಡಿದು ಕೂತು, "ಭಾವ, ಇದು ನಿಮ್ಮ ಕೈಲಿ ಆಗೋದಲ್ಲ, ನನಗೆ ಕೊಟ್ಬಿಡಿ," ಎಂದು ನಕ್ಕವನು. ಅವನು ನಕ್ಕದ್ದಕ್ಕೆ ಮೇಷ್ಟ್ರಿಗೆ ಅಷ್ಟು ಬೇಜಾರಿಲ್ಲ. ಆದರೆ ವಾರವೆಲ್ಲ ಅವಳದು ಆಸ್ಪತ್ರೆ, ಇವರದು ಶಾಲೆ. ಮನೆಯಲ್ಲಿ ಸಿಕ್ಕರೆ ಹಾಲು, ಬಿಲ್ಲು, ಗ್ಯಾಸು ಇಷ್ಟೇ ಮಾತು. ಭಾನುವಾರ ಮಾತ್ರ ಇಬ್ಬರೂ ಕಾರಿನಲ್ಲಿ ಕೆರೆಯ ತನಕ ಹೋಗಿಬರುತ್ತಿದ್ದರು. ಆ ಸದ್ದಿಲ್ಲದ ಕಾರಿನಲ್ಲಿ ಪಕ್ಕಪಕ್ಕ ಕೂತಾಗ ಅವಳು ನಗುತ್ತಿದ್ದಳು, ಹಳೆಯ ಮಾತು ತೆಗೆಯುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಹೆಂಡತಿ ಮತ್ತೆ ಸಿಕ್ಕಿದ್ದಾಳೆ ಎಂದು ಮೇಷ್ಟ್ರಿಗೆ ಅನ್ನಿಸಿತ್ತು. ಅದನ್ನು ಭಾವಮೈದುನನಿಗೆ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಎಲೆಕ್ಟ್ರಿಷಿಯನ್ ವ್ಯಾನಿನಲ್ಲಿ ಬಂದ. ಬಂದವನೇ ಎರಡು ಡಬ್ಬಿ ಇಳಿಸಿ ನೆಲದ ಮೇಲಿಟ್ಟ. "ಇದು ದೊಡ್ಡದು. ಸಂಜೆ ಹಾಕಿದ್ರೆ ಊಟ ಮಾಡಿ ಏಳೋ ಹೊತ್ತಿಗೆ ಆಗತ್ತೆ. ಇದು ಚಿಕ್ಕದು, ಬೆಳಗಾಗತ್ತೆ. ಯಾವ್ದು ಹೇಳಿ ಸಾರ್, ನನಗೆ ಇನ್ನೊಂದು ಕಡೆ ಕೆಲಸ ಇದೆ."

ಮೇಷ್ಟ್ರು ಬೆರಳು ಎತ್ತಿದರು. ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆದು ಕರೆಂಟ್ ಮಾಮ ಹೊರಗೆ ಬಂದರು. ವಿದ್ಯುತ್ ಇಲಾಖೆಯ ಬಿಲ್ಲಿಂಗ್ ವಿಭಾಗದಲ್ಲಿ ಕೂತು ನಿವೃತ್ತರಾದವರು. ಸರ್ವಿಸ್ ಪೂರ್ತಿ ಒಂದು ವೈರೂ ಮುಟ್ಟಿದವರಲ್ಲ, ಆದರೂ ಮೂರು ಮನೆಯ ಆ ಕಟ್ಟಡಕ್ಕೆ ಕರೆಂಟಿನ ವಿಷಯದಲ್ಲಿ ಅವರ ಮಾತೇ ವೇದವಾಕ್ಯ. ಅವರೇ ಕಾರ್ಯದರ್ಶಿ ಕೂಡ.

"ದೊಡ್ಡದು ಹಾಕಿಸಿ ಮೇಷ್ಟ್ರೆ," ಎಂದರು. "ಹಾಕಿಸೋದು ಒಂದ್ಸಲ. ನಾಳೆ ಇನ್ನೂ ದೊಡ್ಡ ಕಾರು ತಗೊಂಡ್ರೆ?"

"ಮಾಮ, ಈ ಕಾರೇ ಇರತ್ತೋ ಇಲ್ವೋ ಗೊತ್ತಿಲ್ಲ."

"ಚಿಕ್ಕದೇ ಸಾಕಪ್ಪ," ಎಂದು ಮೇಲಿನಿಂದ ದನಿ ಬಂತು. ಮೇಲಿನ ಮನೆಯ ಕೇಕ್ ಆಂಟಿ ಬಾಲ್ಕನಿಯಲ್ಲಿ ಬಗ್ಗಿದ್ದರು. ಆರ್ಡರಿನ ಮೇಲೆ ಕೇಕ್ ಮಾಡಿ ಕೊಡುವವರು. ಅವರ ಓವನ್ ಬೆಳಗ್ಗೆ ಬಿಸಿಯಾದರೆ ಸಂಜೆಗೇ ತಣ್ಣಗಾಗುವುದು. "ದೊಡ್ಡದು ಹಾಕಿದ್ರೆ ನನ್ನ ಓವನ್ ಮಂಕಾಗಿಬಿಡತ್ತೆ. ಇವತ್ತು ಮೂರಂತಸ್ತಿನ ಕೇಕ್ ಇದೆ ನನ್ನ ಹತ್ರ."

"ಓವನ್ನಿಗೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದರು ಮಾಮ.

"ಮಂಕಾದ್ರೆ ಕೇಕನ್ನ ನೀವು ತಿಂತೀರಾ?"

ಮೇಷ್ಟ್ರ ಬೆರಳು ನಿಧಾನವಾಗಿ ಕೆಳಗಿಳಿಯಿತು. ಎಲೆಕ್ಟ್ರಿಷಿಯನ್ ಗಡಿಯಾರ ನೋಡಿಕೊಂಡ. "ಅದು ಆಮೇಲೆ ಇರ್ಲಿ. ಕಾರಿನ ಚಾರ್ಜಿಂಗ್ ತೂತು ಯಾವ ಕಡೆ ಇದೆ ಹೇಳಿ. ಎಡಕ್ಕಾ, ಬಲಕ್ಕಾ? ಅದರ ಮೇಲೆ ಕೇಬಲ್ಲು."

ಮೇಷ್ಟ್ರು ಅದನ್ನು ಯಾವತ್ತೂ ಗಮನಿಸಿ ನೋಡಿರಲಿಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆಯಿಂದ ಶಾಕ್ ಹೊಡೆಸಿಕೊಂಡ ಮೇಲೆ ಅವರು ಪ್ಲಗ್ಗು ಎಂಬ ವಸ್ತುವಿನಿಂದ ದೂರವೇ ಇದ್ದರು. ಕಾರಿಗೆ ದಿನಾ ವೈರು ಸಿಕ್ಕಿಸುತ್ತಿದ್ದವಳು ಹೆಂಡತಿ. ಫೋನಿನಲ್ಲಿ ಹುಡುಕಿದರೆ ಅದೇ ಹೆಸರಿನ ಕಾರು ಮೂರು ಬಗೆ ಇತ್ತು. ಒಂದೊಂದರದು ಒಂದೊಂದು ಕಡೆ. ತಮ್ಮದು ಯಾವ ಬಗೆಯೋ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದರು. ಹೆಂಡತಿ ಆಪರೇಷನ್ ಥಿಯೇಟರಿನಲ್ಲಿದ್ದಳು. ವಾರ್ಡಿನ ಹೆಣ್ಣುಮಗಳೊಬ್ಬಳು, "ಏನಾದ್ರೂ ಹೇಳ್ಬೇಕಾ ಸಾರ್?" ಎಂದಳು. ತಿಂಗಳಿಂದ ಮನೆಯಲ್ಲಿರುವ ಕಾರಿನ ತೂತು ಯಾವ ಕಡೆ ಇದೆ ಎಂದು ಗಂಡ ಕೇಳುತ್ತಿದ್ದಾನೆ ಅಂತ ಹೇಳಿ ಎನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. "ಏನಿಲ್ಲಮ್ಮ, ಸುಮ್ನೆ," ಎಂದು ಇಟ್ಟುಬಿಟ್ಟರು.

"ನೀವು ಡ್ರಾಯಿಂಗ್ ಮೇಷ್ಟ್ರಲ್ವಾ?" ಎಂದರು ಕರೆಂಟ್ ಮಾಮ. "ಕಾರು ಬರೆದು ನೋಡಿ. ಬರೀತಾ ಬರೀತಾ ನೆನಪಾಗತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು, ಕಾರು ನಿಲ್ಲುವ ಜಾಗದಲ್ಲಿ ಮಂಡಿಯೂರಿ ಕೂತು, ಕಾರಿನ ಅಳತೆಯಲ್ಲೇ ಕಾರು ಬರೆದರು. ಚಕ್ರ, ಕನ್ನಡಿ, ಬಾಗಿಲಿನ ಹಿಡಿ, ಹೆಂಡತಿ ಕೂರುವ ಸೀಟು. ಬಹಳ ಚೆನ್ನಾಗಿ ಬಂತು. ತೂತು ಮಾತ್ರ ನೆನಪಿಗೆ ಬರಲಿಲ್ಲ.

"ಹಿಂದೆ, ಎಡಗಡೆ," ಎಂದರು ಆಂಟಿ. "ದಿನಾ ನೋಡ್ತೀನಿ ನಾನು."

"ಮುಂದೆ, ಬಲಚಕ್ರದ ಮೇಲೆ," ಎಂದರು ಮಾಮ. "ನೀವು ನೋಡೋದು ಮೇಲಿಂದ. ಮೇಲಿಂದ ಎಲ್ಲ ಉಲ್ಟಾ ಕಾಣತ್ತೆ."

"ನನಗೆ ಎಡ ಬಲ ಗೊತ್ತಿಲ್ವಾ?"

ಮಾಮ ತಮ್ಮ ಮಾತು ರುಜುವಾತು ಮಾಡಲು ಚಿತ್ರದ ಬಲಚಕ್ರದ ಮೇಲೆ ನಿಂತರು. ಆಂಟಿ ಓವನ್ ಬಿಟ್ಟು ಇಳಿದುಬಂದು ಎಡಗಡೆ ಹಿಂದೆ ನಿಂತರು. ಇಬ್ಬರೂ ಅಲ್ಲಾಡಲಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಇಬ್ಬರೇ ಸಾಕಾಗಿದ್ದರು. ನಡುವೆ ಮೇಷ್ಟ್ರು ಸೀಮೆಸುಣ್ಣದ ಪುಡಿ ಮೆತ್ತಿದ ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ಹೊತ್ತು ಏರುತ್ತಿತ್ತು.

"ಮೊದಲು ಗೋಡೆಗೆ ತೂತು ಹೊಡೀತೀನಿ, ಅಷ್ಟರಲ್ಲಿ ತೀರ್ಮಾನ ಮಾಡ್ಕೊಳ್ಳಿ," ಎಂದ ಎಲೆಕ್ಟ್ರಿಷಿಯನ್. "ಈ ಗೋಡೆ ಒಳಗೆ ವೈರು ಏನಾದ್ರೂ ಹೋಗಿದೆಯಾ?"

"ಇಲ್ಲ," ಎಂದರು ಮಾಮ. "ಕಟ್ಟಡ ಕಟ್ಟುವಾಗ ನಾನೇ ಮುಂದೆ ನಿಂತಿದ್ದೆ. ಧೈರ್ಯವಾಗಿ ಹೊಡಿ."

ಅವನು ಧೈರ್ಯವಾಗಿ ಹೊಡೆದ. ಗೋಡೆಯೊಳಗೆ ಫಟ್ ಎಂದು ನೀಲಿ ಬೆಳಕು ಕಾಣಿಸಿತು, ಡ್ರಿಲ್ಲು ನಿಂತಿತು. ಮೂರು ಮನೆಯ ಫ್ರಿಜ್ಜು, ಫ್ಯಾನು, ಮೇಲಿನ ಮನೆಯ ಓವನ್ನು ಎಲ್ಲವೂ ಒಟ್ಟಿಗೆ ಸುಮ್ಮನಾದವು.

ಮೊದಲು ಬಾಯಿ ಬಂದದ್ದು ಆಂಟಿಗೆ. "ನನ್ನ ಕೇಕು," ಎಂದು ಮೆಟ್ಟಿಲಿನ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಬಾಲ್ಕನಿಯಲ್ಲಿ ಕಾಣಿಸಿಕೊಂಡಾಗ ಅವರ ಒಂದು ಕೈಯಲ್ಲಿ ನಡು ಕುಸಿದ ಕೇಕು, ಇನ್ನೊಂದರಲ್ಲಿ ಫೋನು. "ಒಂದು ಡಬ್ಬಿ ಆರಿಸಕ್ಕಾಗದೆ ಇದ್ದವರನ್ನ ನಂಬಿ ನಾನು ಕೆಟ್ಟೆ. ಹೇಳೋರಿಗೆ ಹೇಳ್ತೀನಿ," ಎಂದು ಒಳಗೆ ಹೋದರು.

ಕರೆಂಟ್ ಮಾಮ ಗೋಡೆಯನ್ನು ದಿಟ್ಟಿಸಿದರು. "ಇದು ಆಮೇಲೆ ಯಾರೋ ಎಳೆದ ವೈರು," ಎಂದು ತೀರ್ಪು ಕೊಟ್ಟು ಕುರ್ಚಿ ತರಲು ಹೋದರು.

ಎಲೆಕ್ಟ್ರಿಷಿಯನ್ ಗಾರೆ ಒಡೆದು, ತುಂಡಾದ ವೈರು ಹುಡುಕಿ, ಜೋಡಿಸಿ, ಮತ್ತೆ ಮೆತ್ತುವಷ್ಟರಲ್ಲಿ ಮಧ್ಯಾಹ್ನ ಕಳೆದೇಹೋಯಿತು. ಮೇಷ್ಟ್ರು ಊಟ ಮಾಡಲಿಲ್ಲ. ಗೇಟಿಗೂ ಗೋಡೆಗೂ ಓಡಾಡಿದರು. ಬೀದಿಯಲ್ಲಿ ಯಾವ ಕಾರು ಸದ್ದಿಲ್ಲದೆ ಬಂದರೂ ಗೇಟಿನಾಚೆ ಕತ್ತು ಚಾಚಿ ನೋಡುತ್ತಿದ್ದರು. ಕರೆಂಟು ಬಂತು. ಎಲೆಕ್ಟ್ರಿಷಿಯನ್ ಡಬ್ಬಿಗಳನ್ನೆತ್ತಿ ವ್ಯಾನಿಗೆ ಹಾಕತೊಡಗಿದ.

"ಎಲ್ಲಿಗಪ್ಪ?"

"ನನ್ನ ದಿನ ಎಲ್ಲ ಇಲ್ಲೇ ಹೋಯ್ತು ಸಾರ್. ನಿಮ್ಮವರೆಲ್ಲ ಒಂದು ಮಾತಿಗೆ ಬನ್ನಿ, ಮುಂದಿನ ವಾರ ಬರ್ತೀನಿ."

ಮೇಷ್ಟ್ರು ಹೋಗಿ ವ್ಯಾನಿನ ಮುಂದೆ ನಿಂತರು. ಆ ಧೈರ್ಯ ಎಲ್ಲಿಂದ ಬಂತೋ ಅವರಿಗೂ ಗೊತ್ತಿಲ್ಲ. ನಾಳೆ ಭಾನುವಾರ, ಖಾಲಿ ಜಾಗದಲ್ಲಿ ಬರೀ ಸೀಮೆಸುಣ್ಣದ ಕಾರು ಬಿದ್ದಿರುವುದು ಕಣ್ಣ ಮುಂದೆ ಬಂತು, ಅಷ್ಟೇ.

"ಚಿಕ್ಕದು ಹಾಕು," ಎಂದರು. "ಉದ್ದನೆ ಕೇಬಲ್ಲು. ತೂತು ಯಾವ ಕಡೆ ಇದ್ರೂ ಮುಟ್ಟಲಿ. ಈ ಗೋಡೆ ಬೇಡ, ಆ ಕಂಬ."

"ದೊಡ್ಡದು—" ಎಂದರು ಮಾಮ, ಕುರ್ಚಿಯಿಂದ.

"ಮಾಮ, ಅವಳು ಸಂಜೆ ಬರ್ತಾಳೆ, ಬೆಳಗ್ಗೆ ಹೋಗ್ತಾಳೆ. ರಾತ್ರಿಯೆಲ್ಲ ಕಾರಿಗೆ ಬೇರೆ ಏನು ಕೆಲಸ? ನಿಧಾನಕ್ಕೆ ತುಂಬ್ಕೊಳ್ಳಲಿ."

ಅವರು ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎಲೆಕ್ಟ್ರಿಷಿಯನ್ ತಾನಾಗಿಯೇ ಡ್ರಿಲ್ಲು ಎತ್ತಿಕೊಂಡ. ಬಿಸಿಲು ಕಾಂಪೌಂಡು ದಾಟುವಷ್ಟರಲ್ಲಿ ಕಂಬದ ಮೇಲೆ ಬಿಳಿ ಡಬ್ಬಿ ಕೂತು, ಹಸಿರು ದೀಪ ಹೊತ್ತಿತು. ವ್ಯಾನು ಹೋಯಿತು. ಮೇಷ್ಟ್ರು ಡಬ್ಬಿಯನ್ನು ಕರವಸ್ತ್ರದಿಂದ ಒರೆಸಿ, ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಅದರ ಪಕ್ಕದಲ್ಲಿ ನಿಂತರು. ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯ ತೀರ್ಮಾನ ಮಾಡಿದ್ದರು, ಅದೂ ಸರಿಯಾಗಿ. ಎದೆ ತುಂಬಿ ಬಂದಿತ್ತು.

ಗೇಟಿನಲ್ಲಿ ಕಾರು ತಿರುಗಿತು. ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರು. ಸ್ಟೀರಿಂಗ್ ಹಿಡಿದಿದ್ದವನು ಭಾವಮೈದುನ. ಪಕ್ಕದಲ್ಲಿ ಹೆಂಡತಿ.

ಅವಳು ಇಳಿದು ಕಂಬ ನೋಡಿದಳು, ಗಂಡನನ್ನು ನೋಡಿದಳು. "ಹಾಕಿಸೇಬಿಟ್ರಾ?" ದನಿ ಬಹಳ ಚಿಕ್ಕದಾಗಿತ್ತು.

"ಹಾಕಿಸ್ದೆ. ನೀನು ಹೇಳಿದ್ಯಲ್ಲ, ಸಂಜೆಯೊಳಗೆ ಅಂತ."

"ಆಂಟಿ ಫೋನ್ ಮಾಡಿದ್ರು ರೀ. ಕಟ್ಟಡದ ಕರೆಂಟೆಲ್ಲ ಹೋಯ್ತು, ನಿಮ್ಮ ಯಜಮಾನ್ರು ನೆಲದ ಮೇಲೆ ಕಾರು ಬರೀತಾ ಕೂತಿದಾರೆ ಅಂದ್ರು. ಇನ್ನು ಆಗಲ್ಲ ಅಂದ್ಕೊಂಡು ನಾನು..." ಅವಳು ತಮ್ಮನ ಕಡೆ ನೋಡಿದಳು. "ಮಧ್ಯಾಹ್ನವೇ ಇವನಿಗೆ ಮಾತು ಕೊಟ್ಟುಬಿಟ್ಟೆ."

"ಕೊಟ್ಟ ಮಾತೇನೂ ವಾಪಸ್ ತಗೋಬೇಡ ಅಕ್ಕ," ಎಂದ ಭಾವಮೈದುನ, ಕಾರಿನ ಸುತ್ತ ಒಂದು ಸುತ್ತು ಬರುತ್ತ. "ನಾನು ಬೈಕು ಗೆಳೆಯನಿಗೆ ಕೊಟ್ಟಾಯ್ತು. ಕಂತು ಇನ್ನು ನಂದೇ. ಚಾರ್ಜಿಂದೇ ಚಿಂತೆ ಆಗಿತ್ತು ಭಾವ, ನಮ್ಮ ಮನೇಲಿ ಕಾರು ನಿಲ್ಸಕ್ಕೂ ಜಾಗ ಇಲ್ಲ. ನೀವು ದೇವರ ಹಾಗೆ ಹಾಕಿಸಿದೀರಿ." ಅವನು ಕಾರಿನ ಮೂತಿಯ ನಟ್ಟನಡುವೆ, ಯಾರೂ ಹೇಳದಿದ್ದ ಜಾಗದಲ್ಲಿ, ಮುಚ್ಚಳ ತೆರೆದು ಕೇಬಲ್ ಚುಚ್ಚಿದ. "ತುಂಬಕ್ಕೆ ಎಷ್ಟು ಹೊತ್ತಾಗತ್ತೆ?"

"ಬೆಳಗಾಗತ್ತೆ," ಎಂದರು ಮೇಷ್ಟ್ರು.

"ಅಷ್ಟೊತ್ತಾ? ಹಾಗಾದ್ರೆ ನಾನು ಮನೆಗೆ ಹೋಗೋದು ಹೇಗೆ? ಇರ್ಲಿ ಬಿಡಿ, ಇಲ್ಲೇ ಮಲಗ್ತೀನಿ." ಅವನು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. "ಅಮ್ಮಾ, ನನ್ನ ದಿಂಬು, ಬಟ್ಟೆ ಎಲ್ಲ ಕಟ್ಟಿಡು. ಇಲ್ಲ, ಒಂದಿನಕ್ಕಲ್ಲ. ದಿನಾ ಚಾರ್ಜ್ ಮಾಡ್ಬೇಕಲ್ಲ."

"ದೊಡ್ಡದು ಹಾಕಿಸಿ ಅಂತ ಬಡ್ಕೊಂಡೆ," ಎಂದರು ಕರೆಂಟ್ ಮಾಮ. "ಊಟ ಹಾಕಿ ಕಳಿಸಿಬಿಡಬಹುದಿತ್ತು."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮನ್ನ ಸಂಜೆ ತನಕ ನಂಬಬೇಕಿತ್ತು," ಎಂದಳು. ಮೇಷ್ಟ್ರು ಕಾರಿನಲ್ಲಿದ್ದ ಭಾವಮೈದುನನ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಭಾನುವಾರ ಕಾರು ಎಂದಿನಂತೆ ಕೆರೆಗೆ ಹೋಯಿತು. ಭಾವಮೈದುನ ಓಡಿಸಿದ, ಹೆಂಡತಿ ಮುಂದೆ ಕೂತಳು. ಹಿಂದಿನ ಸೀಟಿನಲ್ಲಿ ಜಾಗ ಇದೆಯಲ್ಲ ಎಂದು ಒಂದು ಬದಿಯಿಂದ ಕರೆಂಟ್ ಮಾಮ ಹತ್ತಿದರು, ಇನ್ನೊಂದು ಬದಿಯಿಂದ ಕೇಕ್ ಆಂಟಿ. ನಡುವೆ ಮೇಷ್ಟ್ರು, ತೊಡೆಯ ಮೇಲೆ ನಡು ಕುಸಿದ ಕೇಕಿನ ಡಬ್ಬಿ ಇಟ್ಟುಕೊಂಡು, ಹೆಂಡತಿಯ ಜಡೆ ನೋಡುತ್ತ ಕೆರೆಯ ತನಕ ಹೋಗಿಬಂದರು.