ಗಾದಿಲಿಂಗನ ಕ್ಲಚ್ ಕಾಲು

ಗಾದಿಲಿಂಗನ ಎಡಗಾಲಿನ ನರಗಳು ಉಬ್ಬಿ, ಮೊಣಕಾಲಿನ ಕೆಳಗೆ ಹೀರೇಕಾಯಿಯಂತೆ ಗೆರೆಗಳು ಎದ್ದಿದ್ದವು. ಸಿರುಗುಪ್ಪದ ಅಕ್ಕಿಯನ್ನು ವರ್ಷಗಟ್ಟಲೆ ಕೇರಳಕ್ಕೆ ಸಾಗಿಸಿದ ಕಾಲು ಅದು. ಸತ್ಯನಾರಾಯಣಪೇಟೆಯ ಡಾಕ್ಟರು ರಕ್ತ ಮೇಲಕ್ಕೆ ಹತ್ತುತ್ತಿಲ್ಲವೆಂದು ಹೇಳಿ, ಮೈಬಣ್ಣದ ಬಿಗಿ ಕಾಲುಚೀಲವೊಂದನ್ನು ಬರೆದುಕೊಟ್ಟರು. ಕ್ಲಚ್ ತುಳಿಯುವುದನ್ನೂ ಕಡಿಮೆ ಮಾಡಬೇಕಂತೆ. ಪೂಜಾರಿಗೆ ಗಂಟೆ ಬಾರಿಸಬೇಡ ಅಂದ ಹಾಗಾಯಿತು.

ಈ ವಿಷಯ ಗೊತ್ತಿದ್ದದ್ದು ಹೆಂಡತಿ ಜಂಬಮ್ಮನಿಗೆ ಮತ್ತು ಜೊತೆಯ ಡ್ರೈವರ್ ಹುಲುಗೇಶನಿಗೆ ಮಾತ್ರ. ಮಾಲೀಕ ಉಮಾಪತಿ ಸಾವ್ಕಾರರು ಹೊಸ ಎ.ಸಿ. ಲಾರಿ ತರಿಸಿದ್ದರು. ಅದರ ಪೂಜೆ ಕುರುಗೋಡಿನ ಗುಡಿಯಲ್ಲಿ. ಪೂಜೆ ಮುಗಿದ ಮೇಲೆ ಒಬ್ಬ ಡ್ರೈವರನ ಕೈಗೆ ಕೀಲಿ. ಕಾಲು ಗಟ್ಟಿ ಇದ್ದವನಿಗೇ ಅದು ಸಿಗುವುದೆಂದು ಎಲ್ಲರೂ ನಂಬಿದ್ದರು. ಹೋದ ವರ್ಷ ಕಾಲುನೋವು ಅಂದ ಕೊಟ್ಟೂರಪ್ಪನನ್ನು ಲಾರಿಯಿಂದ ಇಳಿಸಿ, ಆಫೀಸಿನ ಗೇಟಿಗೆ ಕೂರಿಸಿದ್ದನ್ನು ಅವರು ಕಂಡಿದ್ದರಲ್ಲ.

"ನೋವು ಗೀವು ಅಂತ ಬಾಯಿ ಬಿಡಬ್ಯಾಡಣ್ಣ," ಎಂದು ಹುಲುಗೇಶನೇ ಬುದ್ಧಿ ಹೇಳಿದ್ದ.

ಪೂಜೆಗೆ ಚಪ್ಪಲಿ ಬಿಟ್ಟು ನಿಲ್ಲಬೇಕು; ಕಾಲುಚೀಲ ಕಂಡರೆ ಗುಟ್ಟು ರಟ್ಟು. ಕಾಯಿ ಅಂಗಡಿಯ ಹಿಂದೆ ಇಬ್ಬರೂ ಸೇರಿ ಎಳೆದಾಗ ಕಾಲುಚೀಲ ಹಾವಿನ ಪೊರೆಯಂತೆ ಕಳಚಿ ಬಂತು. ಹುಲುಗೇಶ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಗಾದಿಲಿಂಗ ಕುಂಟುತ್ತಾ ಬಂದದ್ದನ್ನು ಸಾವ್ಕಾರರು ನೋಡಿದರು. "ಏನೋ, ಕಾಲು ಎಳಿಯಾಕತ್ತಿ?"

"ಹೊಸಾ ಚಪ್ಲಿ ಕಚ್ಚೈತ್ರಿ ಸಾವ್ಕಾರ್ರ. ಕಾಲು ಕಬ್ಬಿಣ ಇದ್ದಂಗ ಅದಾವ."

ಸಾವ್ಕಾರರು ಯಾಕೋ ನಿಟ್ಟುಸಿರು ಬಿಟ್ಟರು. ನಂಬಲಿಲ್ಲವೇನೋ ಅಂದುಕೊಂಡ ಗಾದಿಲಿಂಗ, ಕಾಯಿ ಚೀಲವನ್ನು ತಾನೇ ಹೊತ್ತ. ಒಂದೊಂದು ಚಕ್ರದ ಮುಂದೂ ಕುಕ್ಕರಗಾಲಲ್ಲಿ ಕೂತು ನಿಂಬೆಹಣ್ಣು ಇಟ್ಟ. ಉಳಿದ ಡ್ರೈವರುಗಳು ಕಟ್ಟೆಯ ನೆರಳಲ್ಲಿ ಕೂತಿದ್ದರು. ಕೂತುಕೋ ಎಂದು ಸಾವ್ಕಾರರು ಎರಡು ಸಲ ಹೇಳಿದರೂ, ಇದು ಪರೀಕ್ಷೆಯೇ ಇರಬೇಕೆಂದು ಅವನು ಕೂರಲಿಲ್ಲ. ಊಟ ಬಡಿಸಿದ. ಡೊಳ್ಳು ಶುರುವಾದಾಗ ಪಂಚೆ ಬಿಗಿದು ಕುಣಿದೂಬಿಟ್ಟ. ಕುಣಿಯುತ್ತಲೇ, ಹುಲುಗೇಶ ಸಾವ್ಕಾರರ ಕಿವಿಯಲ್ಲಿ ಏನೋ ಹೇಳುತ್ತಿರುವುದನ್ನು ಕಂಡ. ತನ್ನ ಪರವಾಗಿ ಮಾತಾಡುತ್ತಿದ್ದಾನೆಂದು ಇನ್ನೂ ಎರಡು ಸಲ ಕುಪ್ಪಳಿಸಿದ. ಅಷ್ಟೊತ್ತಿಗೆ ಕಾಲು ತುಂಬಿದ ಅಕ್ಕಿ ಚೀಲದಂತೆ ಬಿಗಿದಿತ್ತು.

ಸಾವ್ಕಾರರು ಕೀಲಿ ಹಿಡಿದು ನಿಂತರು. "ಹುಲುಗೇಶ, ಬಾರಪ್ಪ."

ಹುಲುಗೇಶ ಕುಂಟುತ್ತಾ ಬಂದ. ಎತ್ತಿ ಕಟ್ಟಿದ ಲುಂಗಿಯ ಕೆಳಗೆ, ಎಡಗಾಲಿಗೆ ಮೈಬಣ್ಣದ ಕಾಲುಚೀಲ ಇತ್ತು.

ಸಾವ್ಕಾರರು ತಮ್ಮ ಪಂಚೆಯನ್ನೂ ಮೇಲಕ್ಕೆತ್ತಿದರು. ಅಲ್ಲೂ ಅಂಥದ್ದೇ ಕಾಲುಚೀಲ. "ನಾನೂ ಲಾರಿ ಹೊಡೆದಾವನ. ಈ ಬ್ಯಾನಿ ನನಗ ಗೊತ್ತೈತಿ. ಕೊಟ್ಟೂರಪ್ಪನ ಕಾಲು ನೋಡಿ ಕುಂತು ದುಡಿಯೋ ಕೆಲಸ ಕೊಟ್ಟೆ. ಈಗ ಕ್ಲಚ್ಚೇ ಇಲ್ಲದ ಗಾಡಿ ತರಿಸೀನಿ. ಕಾಲು ನೋಯೋರು ಯಾರರ ಬಾಯಿ ಬಿಡ್ತಾರೇನು ಅಂತ ಮುಂಜಾನಿಂದ ಕಾದೆ. ಇವನೊಬ್ಬ ಹೇಳಿದ."

ಗಾದಿಲಿಂಗ ಹುಲುಗೇಶನ ಕಾಲಿನತ್ತ ಕೈ ತೋರಿಸಿದ. "ಸಾವ್ಕಾರ್ರ, ಆ ಕಾಲುಚೀಲ..."

"ನಿನಗ ಅದೆಲ್ಲ ಯಾಕ? ಕುಣಿದಿದ್ದು ನೋಡಿದ್ನಲ್ಲ," ಎಂದು ಸಾವ್ಕಾರರು ಅವನ ಬೆನ್ನು ತಟ್ಟಿದರು. "ಹುಲುಗೇಶನ ಹಳೇ ಲಾರಿ ನೀ ತಗಾ. ಕ್ಲಚ್ ಭಾಳ ಬಿಗಿ ಐತಂತ, ನಿನ್ನಂಥಾವನ ಬೇಕು ಅದಕ್ಕ. ಸಂಜಿಗೆ ಕೊಚ್ಚಿ ಲೋಡ್ ಐತಿ."

ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಹುಲುಗೇಶ ಹೊಸ ಲಾರಿ ಹತ್ತಿ ಎ.ಸಿ. ಹಾಕಿದ. ಗಾದಿಲಿಂಗ ಬಾಗಿಲ ಹತ್ತಿರ ಬಂದಾಗ ಗಾಜು ಸ್ವಲ್ಪ ಇಳಿಸಿ ಮೆಲ್ಲಗೆ ಅಂದ: "ಈಗ ಕೇಳಬ್ಯಾಡಣ್ಣ, ಸಾವ್ಕಾರ್ರು ನೋಡಾಕತ್ಯಾರ. ಇದನ್ನ ಬಿಸಿನೀರಾಗ ತೊಳೀಬೇಕೋ, ತಣ್ಣೀರಾಗೋ?"

"ತಣ್ಣೀರಾಗ," ಅಂದ ಗಾದಿಲಿಂಗ.