ಹಸುವಿಲ್ಲದ ಬೋರ್ಡು

ಖಾಲಿ ಜಾಗ ಬಿಡುವುದರಲ್ಲೇ ವಿನ್ಯಾಸದ ಸೊಗಸಿದೆ ಎಂದು ನಂಬಿದವನು ನಾನು. ರಾಬರ್ಟ್‌ಸನ್‌ಪೇಟೆಯಲ್ಲಿ ಈ ನಂಬಿಕೆ ಇಟ್ಟುಕೊಂಡು ಗ್ರಾಫಿಕ್ ಡಿಸೈನರ್ ಆಗಿ ಬದುಕುವುದಕ್ಕೆ ಎದೆಗಾರಿಕೆ ಬೇಕು. ಇಲ್ಲಿ ಫ್ಲೆಕ್ಸ್ ಮಾಡಿಸುವವರು ಬೆರಳಗಲ ಜಾಗ ಕಂಡರೂ ಅಲ್ಲೊಬ್ಬ ಚಿಕ್ಕಪ್ಪನ ಫೋಟೊ ಹಿಡಿಯುತ್ತದಲ್ಲ ಎನ್ನುತ್ತಾರೆ. ಇಷ್ಟು ವರ್ಷ ನಾನು ಚಿಕ್ಕಪ್ಪಂದಿರನ್ನು ತುಂಬಿಸುತ್ತಲೇ ಬಂದೆ. ಮನಸ್ಸಿಗೆ ಒಪ್ಪುವ ಒಂದು ಬೋರ್ಡು ಮಾಡುವ ಭಾಗ್ಯ ಕೊನೆಗೂ ಬಂದದ್ದು ಸೋದರಮಾವನ ಮನೆಯಿಂದ.

ಮಾವನ ಮಕ್ಕಳು ಮುನಿರಾಜ ಮತ್ತು ನಾಗರಾಜ ಬಂಗಾರಪೇಟೆಯಲ್ಲಿ ಹಾಲಿನಂಗಡಿ ತೆರೆಯುವವರಿದ್ದರು. ಬೋರ್ಡಿನ ಜವಾಬ್ದಾರಿ ನನ್ನದು. ಕಂಪ್ಯೂಟರ್ ಮುಟ್ಟುವ ಮೊದಲು ಕಣ್ಣು ಮುಚ್ಚಿ ಕೂರುವುದು ನನ್ನ ಕೆಲಸದ ಕ್ರಮ. ಹೆಂಡತಿ ಗೀತಾ ಇದನ್ನು ನಿದ್ದೆ ಎಂದು ಕರೆಯುತ್ತಾಳೆ.

ಕಣ್ಣು ಮುಚ್ಚಿದರೆ ಮಾವನೇ ಕಂಡರು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೋರಮಂಡಲ್‌ನ ಗಣಿ ಕಾರ್ಮಿಕರ ಮನೆಮನೆಗೆ ಹಾಲು ಹಾಕುತ್ತಿದ್ದರು. ಬೇಸಿಗೆ ರಜೆಯಲ್ಲಿ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನಾನು. ಪ್ರತಿ ಬಾಗಿಲಲ್ಲೂ ಮಾವ "ಪಾಲೂ..." ಎಂದು ಕೂಗುತ್ತಿದ್ದರು. ತಮಿಳಿನವರಿಗೂ ಅದು ಹಾಲು, ತೆಲುಗಿನವರಿಗೂ ಹಾಲು. ಆ ಬಾಗಿಲುಗಳ ಮೇಲೆ ಬಣ್ಣದಲ್ಲಿ ಬರೆದ ನಂಬರುಗಳನ್ನು ನೋಡಿ ನೋಡಿಯೇ ನನಗೆ ಅಕ್ಷರದ ಹುಚ್ಚು ಹಿಡಿದದ್ದು. ಈಗ ಗಣಿಯೂ ಇಲ್ಲ, ಆ ಸೈಕಲ್ಲೂ ಇಲ್ಲ. ಆ ಕೂಗು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೋರ್ಡಿನ ಮೇಲೆ 'ಪಾಲು' ಎಂದೇ ಬರೆಯುವುದು ಎಂದು ತೀರ್ಮಾನಿಸಿದೆ. 'ಹಾಲು' ಎನ್ನುವವರು ನಮ್ಮ ಕಡೆ ಯಾರಿದ್ದಾರೆ? ಎಲ್ಲರ ಬಾಯಲ್ಲೂ ಅದು 'ಆಲು'. ಹಾಗೆ ಬರೆದರೆ ಜನ ಆಲೂಗಡ್ಡೆ ಕೇಳಿಕೊಂಡು ಬಂದಾರು!

ಮೊದಲ ಕರಡಿನಲ್ಲಿ ಹಸುವಿತ್ತು. ಎಲ್ಲರ ಬೋರ್ಡಿನಲ್ಲೂ ಹಸು ಇರುತ್ತದೆ ಎಂದು ಅಳಿಸಿದೆ. ಕ್ಯಾನು ಅಳಿಸಿದೆ. ಲೋಟ ಅಳಿಸಿದೆ. ಅಚ್ಚ ಬಿಳಿಯ ಮೇಲೆ 'ಅಣ್ಣ ತಮ್ಮಂದಿರ ಪಾಲು' ಎಂಬುದಷ್ಟೇ ಉಳಿಯಿತು. ಕೆಳಗೆ ಎಡಕ್ಕೆ ಮುನಿರಾಜನ ಹೆಸರು, ಬಲಕ್ಕೆ ನಾಗರಾಜನದು, ಸಮತೋಲನದ ಸಲುವಾಗಿ ಇಬ್ಬರ ನಡುವೆ ಒಂದು ಉದ್ದನೆಯ ಗೆರೆ. ಗೀತಾ ನೋಡಿ ಹಸು ಎಲ್ಲಿ ಎಂದಳು. ನೋಡುವವರ ಮನಸ್ಸಿನಲ್ಲಿದೆ ಎಂದೆ. ಅವಳು ಅಡುಗೆಮನೆಗೆ ಹೋದಳು.

ಪೂಜೆಯ ಬೆಳಿಗ್ಗೆ ಅಂಗಡಿ ಮುಂದೆ ಜನ ಮುತ್ತಿದ್ದು ಕಂಡು ನನ್ನ ಎದೆ ಉಬ್ಬಿತು. ಆದರೆ ಯಾರೂ ಹಾಲು ಕೇಳಲಿಲ್ಲ. ತೋಟ ಯಾರಿಗೆ ಬಂತು, ಬೋರ್‌ವೆಲ್ ಯಾರಿಗೆ ಬಂತು ಎಂದು ಕೇಳಿದರು! ಆಗ ತಲೆಯೆತ್ತಿ ನನ್ನ ಬೋರ್ಡನ್ನು ಮೊದಲ ಸಲ ಕನ್ನಡದಲ್ಲಿ ಓದಿದೆ. ಪಾಲು ಎಂದರೆ ಆಸ್ತಿಪಾಲು. ಅಣ್ಣ ತಮ್ಮಂದಿರು ಬೇರೆಯಾಗಿದ್ದಾರೆಂದು ನಡುವೆ ಗೆರೆ ಎಳೆದು ಸಮಸ್ತ ಸಾರ್ವಜನಿಕರಿಗೆ ನಾನೇ ತಿಳಿಯಪಡಿಸಿದ್ದೆ.

ಯಾರೋ ಬೋರ್ಡಿನ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಿಯೂ ಆಗಿತ್ತು. ಚಾಂಪಿಯನ್ ರೀಫ್ಸ್‌ಗೆ ಮದುವೆ ಮಾಡಿ ಕೊಟ್ಟಿದ್ದ ಮಾವನ ಹಿರಿಮಗಳು ಮಂಜುಳಾ ಆಟೊದಿಂದ ಇಳಿದವಳೇ, ಪಾಲು ಮಾಡುವಾಗ ತನ್ನನ್ನು ಯಾಕೆ ಕರೆಯಲಿಲ್ಲ ಎಂದು ತಮ್ಮಂದಿರನ್ನು ಕೇಳಿದಳು. ಅಂಥದ್ದೇನೂ ಇಲ್ಲ, ಆದರೂ ಅಕಸ್ಮಾತ್ ಆದರೆ ಬೋರ್‌ವೆಲ್ ಹಾಕಿಸಿದ್ದು ತಾನು ಎಂದ ಮುನಿರಾಜ. ಹಸು ಕರೆಯುವವನು ತಾನು ಎಂದ ನಾಗರಾಜ. ನಿನ್ನೆಯವರೆಗೆ ಜೊತೆಯಲ್ಲೇ ಉಂಡವರು, ಈಗ ನಾನೆಳೆದ ಗೆರೆಯ ಆಚೆಗೊಬ್ಬ ಈಚೆಗೊಬ್ಬ ನಿಂತುಬಿಟ್ಟರು.

ಮಾವ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ರಸ್ತೆ ದಾಟಿ ಬಂದೇ ಇರಲಿಲ್ಲ. ಮನೆ ಒಡೆಯಬಾರದು ಎಂದು ಜೀವ ತೇಯ್ದ ಮನುಷ್ಯ. ನಾನು ಓಡಿಹೋಗಿ ಪಕ್ಕದಲ್ಲಿ ಕೂತು, ಅದು ಹಾಲು, ಕೋರಮಂಡಲ್‌ನಲ್ಲಿ ನೀವು ಕೂಗುತ್ತಿದ್ದ ಮಾತನ್ನೇ ಬರೆದೆ ಎಂದು ವಿವರಿಸಿದೆ.

"ಅಲ್ಲಿ ಅಂಗೆ ಕೂಗ್ತಿದ್ದೆ ಕಣ್ಲಾ," ಎಂದರು ಮಾವ. "ನಮ್ಮ ಮನ್ಯಾಗೆ ಆ ಮಾತು ಯಾವತ್ತಾದ್ರೂ ಆಡಿದೀನಾ?"

ಮಾವ ಬೋರ್ಡಿನ ಕಡೆ ಕೈ ತೋರಿಸಿದರು.

"ನಾನಿನ್ನೂ ಬದ್ಕಿದೀನಿ. ಅದನ್ನ ಇಳ್ಸು ಓಗು."

ಏಣಿ ತಂದೆ. ಅಷ್ಟಗಲದ ಬೋರ್ಡು ಒಬ್ಬನ ಕೈಗೆ ಬಗ್ಗುವುದಿಲ್ಲ. ಒಂದು ಕಡೆ ಮುನಿರಾಜ, ಇನ್ನೊಂದು ಕಡೆ ನಾಗರಾಜ ಹಿಡಿಯಲೇಬೇಕಾಯಿತು. "ನಿದಾನ ಕಣ್ಲಾ, ಬೆರಳು ಜೋಪಾನ," ಎಂದ ಅಣ್ಣ. ತಮ್ಮ ಹೂಂಗುಟ್ಟಿದ. ಅದನ್ನು ಕೇಳಿದ ಮೇಲೆ ಮಾವ ಎದ್ದು ರಸ್ತೆ ದಾಟಿ ಬಂದು, ಪಂಚಾಯಿತಿ ನೋಡಲು ನಿಂತಿದ್ದವರಿಗೆಲ್ಲ ತಾವೇ ಕೈಯಾರೆ ಬಿಸಿ ಹಾಲು ಕೊಟ್ಟರು. ಕುಡಿದವರು ನಾಳೆಯಿಂದ ಇಲ್ಲೇ ತಗೊತೀವಿ ಎಂದು ಹೇಳಿ ಹೋದರು. ಹೊಸ ಬೋರ್ಡನ್ನು ಮಾವ ಬೇರೆಯವರ ಹತ್ತಿರ ಮಾಡಿಸಿದರು.

ಕೆಲವು ದಿನ ಕಳೆದ ಮೇಲೆ ಅಪರಿಚಿತರೊಬ್ಬರು ಮೊಬೈಲು ಹಿಡಿದು ನನ್ನ ಆಫೀಸಿಗೆ ಬಂದರು. ಪರದೆಯ ಮೇಲೆ ನನ್ನದೇ ಬೋರ್ಡು.

"ನಾನೂ ನನ್ ತಮ್ಮನೂ ಮೊನ್ನೆ ಬ್ಯಾರೆ ಆದ್ವಿ ಸಾರ್. ಇಂಥದ್ದೇ ಒಂದು ಮಾಡ್ಕೊಡಿ, ಊರಿಗೆಲ್ಲ ಒಂದೇ ಸಲಕ್ಕೆ ತಿಳೀತದೆ."

ಇಷ್ಟು ವರ್ಷದಲ್ಲಿ ನನ್ನ ಕೆಲಸ ನೋಡಿದ ತಕ್ಷಣ ಅರ್ಥ ಮಾಡಿಕೊಂಡು ಹುಡುಕಿಕೊಂಡು ಬಂದ ಗಿರಾಕಿ ಅವರೊಬ್ಬರೇ!