ಒಂದು ಚಮಚ, ನಲವತ್ತೊಂದು ನಿಮಿಷ

ಈ ಮನೆಯಿಂದ ಹೊರಡುವ ಕಥೆಯಲ್ಲಿ ಪರೀಕ್ಷಿಸದ ಒಂದೇ ಒಂದು ವಾಕ್ಯವೂ ಇರಕೂಡದು ಎಂದು ನಾನು ಘೋಷಿಸಿದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬರುವ ಗಗನನೌಕೆಯ ಧಾರಾವಾಹಿಗೆ ನಮ್ಮ ಮನೆಯಲ್ಲಿ ಮೂವರು ಭಕ್ತರು: ನಾನು, ಹೆಂಡತಿ, ಅತ್ತೆ. ಅದರ ಪಾತ್ರಗಳನ್ನೇ ಇಟ್ಟುಕೊಂಡು ಬರೆಸಿದ ಸಣ್ಣಕಥೆಗಳ ಸಂಕಲನಗಳು ಆರು ಬಂದಿವೆ. ಆರೂ ನನ್ನ ಕಪಾಟಿನಲ್ಲಿವೆ, ಅಂಚಿನಲ್ಲಿ ಪೆನ್ಸಿಲಿನ ತಿದ್ದುಪಡಿಗಳ ಸಮೇತ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ದುಡಿದವನಿಗೆ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಆರನೆಯದರಲ್ಲಿ ನೌಕೆಯ ಕ್ಯಾಪ್ಟನ್, ಬೀಗ ಬಿದ್ದ ಬಾಗಿಲನ್ನು ಬರೀ ಚಮಚದಿಂದ ಮೂರೇ ನಿಮಿಷದಲ್ಲಿ ತೆರೆಯುತ್ತಾನೆ. ಸಂಪಾದಕರಿಗೆ ನಾಲ್ಕು ಪುಟ ಆಕ್ಷೇಪ ಬರೆದೆ. 'ಏಳನೆಯ ಸಂಕಲನಕ್ಕೆ ಓದುಗರದೊಂದು ಕಥೆ ಬೇಕಾಗಿದೆ, ನೀವೇ ಬರೆದು ಕಳಿಸಿ' ಎಂದು ಉತ್ತರ ಬಂತು. ಗಡುವು ಭಾನುವಾರ ಸಂಜೆ ಐದು.

ಆ ಭಾನುವಾರ ಮೂರೂಮುಕ್ಕಾಲಿಗೆ ಕಥೆ ಮುಗಿದಿತ್ತು. ಚಮಚದಿಂದ ಬೀಗ ತೆರೆಯಲು ನಿಜಕ್ಕೂ ಎಷ್ಟು ನಿಮಿಷ ಬೇಕು ಎಂಬ ವಾಕ್ಯವೊಂದೇ ಬಾಕಿ. ಚಮಚ, ಟಾರ್ಚು, ನೋಟ್‌ಬುಕ್ಕು ಹಿಡಿದು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಚ್ಚಿದೆ. ಬೀಗ ಟಕ್ಕೆಂದು ಬಿತ್ತು. ವಿಧಾನವನ್ನು ಮೊದಲೇ ಬರೆದಿಟ್ಟಿದ್ದೆ: 'ಪ್ರಯೋಗ ವಿಫಲವಾದರೆ ಒಳಗಿನ ಹಿಡಿ ತಿರುಗಿಸಿ ಹೊರಬರುವುದು.'

ಒಳಗಿನ ಹಿಡಿ ಇರಲಿಲ್ಲ. ಸಡಿಲವಾಗಿದೆಯೆಂದು ಹೋದ ತಿಂಗಳು ಅದನ್ನು ಕಳಚಿ, ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು ಮೇಜಿನ ಡ್ರಾಯರಿನಲ್ಲಿಟ್ಟವನು ನಾನೇ.

ಮೂರನೆಯ ನಿಮಿಷಕ್ಕೆ ಚಮಚ ಬಾಗಿತು. ಒಂಬತ್ತನೆಯ ನಿಮಿಷಕ್ಕೆ ಮುರಿದು, ಅರ್ಧ ಬೀಗದೊಳಗೇ ಉಳಿಯಿತು. ಎರಡನ್ನೂ ಬರೆದುಕೊಂಡು ಬಾಗಿಲು ಬಡಿಯತೊಡಗಿದೆ.

ಹಾಲ್‌ನಲ್ಲಿ ಧಾರಾವಾಹಿ ಜೋರಾಗಿ ನಡೆದಿತ್ತು. ಅತ್ತೆಯ ದನಿ ಕೇಳಿಸಿತು: "ಸೌಂಡು ಇವತ್ತೆಷ್ಟು ಚೆನ್ನಾಗಿದೆ ನೋಡೇ. ನಮ್ಮನೆ ಬಾಗಿಲೇ ಬಡಿದ ಹಾಗಿದೆ."

"ಬಾಗಿಲು ತೆಗೀರಿ!" ಎಂದು ಕೂಗಿಕೊಂಡೆ.

"ಯಾರೇ ಅವನು, ಹಾಗೆ ಅರಚೋನು?"

"ಯಾರೋ ಹೊಸಬ ಕಣಮ್ಮ. ಮುಂದಿನ ವಾರದ ಹೊತ್ತಿಗೆ ಸತ್ತಿರ್ತಾನೆ ಬಿಡು," ಎಂದಳು ನನ್ನ ಹೆಂಡತಿ.

ನನ್ನನ್ನು ಉಳಿಸಿದ್ದು ಸೋಪಿನ ಜಾಹೀರಾತು. "ಸೋಪಿನಲ್ಲೂ ಅವನೇ ಅರಚ್ತಿದಾನಲ್ಲೇ," ಎಂದರು ಅತ್ತೆ. ಹೆಂಡತಿಯ ಹೆಜ್ಜೆ ಬಾಗಿಲ ಬಳಿ ಬಂದು ನಿಂತಿತು.

"ಒಳಗೇನು ಮಾಡ್ತಿದೀರಿ?"

"ಪರೀಕ್ಷೆ."

"ಪಾಸೋ ಫೇಲೋ?"

"ಬೇಗ ಕೀ ಹಾಕಿ ತೆಗಿಯೇ. ಐದಕ್ಕೆ ಕಥೆ ಕಳಿಸಬೇಕು."

"ಕೀ ಹೋಗ್ತಿಲ್ಲ. ಏನೋ ಅಡ್ಡ ಸಿಕ್ಕಿಕೊಂಡಿದೆ."

"ಚಮಚ."

"ಯಾವ ಚಮಚ? ಆ ಆರರ ಸೆಟ್ಟಿನದಾ?"

ಕೆಲವು ಪ್ರಶ್ನೆಗಳಿಗೆ ಬಾಗಿಲು ಮುಚ್ಚಿರುವುದೇ ಕ್ಷೇಮ.

ಪಕ್ಕದ ಬೀದಿಯ ಬಡಗಿ ಬಂದಾಗ ನಾಲ್ಕೂ ಇಪ್ಪತ್ತು. ಬಾಗಿಲು ತಟ್ಟಿ ನೋಡಿ ಕೇಳಿದ: "ಸಾರ್, ಇದು ಒಳಕ್ಕೆ ತೆಗೆಯೋ ಬಾಗಿಲಲ್ವಾ? ಕೀಲಿನ ತಿರುಪೆಲ್ಲ ನಿಮ್ಮ ಕಡೆನೇ ಇವೆ. ಅಲ್ಲಿ ಸ್ಕ್ರೂಡ್ರೈವರ್ ಏನಾದ್ರೂ ಇದೆಯಾ?"

ಟಾರ್ಚು ತಿರುಗಿಸಿದೆ. ನನ್ನ ಕಿವಿಯ ಪಕ್ಕದ ಹಲಗೆಯ ಮೇಲೆ, ನನ್ನದೇ ಅಕ್ಷರದಲ್ಲಿ 'ಉಪಕರಣಗಳು' ಎಂದು ಬರೆದ ಡಬ್ಬಿ ಕೂತಿತ್ತು.

ನಲವತ್ತೊಂದನೆಯ ನಿಮಿಷಕ್ಕೆ ಹೊರಬಿದ್ದೆ. ಉಳಿದ ಅರ್ಧ ಗಂಟೆಯಲ್ಲಿ ನನಗಾದದ್ದನ್ನೆಲ್ಲ ಕ್ಯಾಪ್ಟನ್ನನ ತಲೆಗೆ ಕಟ್ಟಿದೆ: ಇಲ್ಲದ ಹಿಡಿ, ಮುರಿದ ಚಮಚ, ಕಿವಿಯ ಪಕ್ಕದ ಡಬ್ಬಿ. ನಾನು ಹೇಳಿದೆ, ಹೆಂಡತಿ ಟೈಪು ಮಾಡಿದಳು. ಐದಕ್ಕೆ ಎರಡು ನಿಮಿಷವಿರುವಾಗ ಕಳಿಸಿದೆವು. ಪರೀಕ್ಷಿಸದ ಒಂದು ವಾಕ್ಯವೂ ಅದರಲ್ಲಿರಲಿಲ್ಲ.

ತಿಂಗಳಾದ ಮೇಲೆ ಸಂಪಾದಕರ ಪತ್ರ ಬಂತು. ಹೆಂಡತಿಯೇ ಒಡೆದು ಓದಿದಳು: 'ಬೀಗ, ಚಮಚ, ಸಮಯದ ವಿವರಗಳೆಲ್ಲ ನಿಖರವಾಗಿವೆ. ಆದರೆ ಕ್ಯಾಪ್ಟನ್ನನಂಥ ಇಷ್ಟು ಓದಿದ ಮನುಷ್ಯ, ಒಳಗೆ ಹಿಡಿ ಇದೆಯೇ ಎಂದೂ ನೋಡದೆ ಬಾಗಿಲು ಹಾಕಿಕೊಳ್ಳುತ್ತಾನೆ ಎಂಬುದು ನಂಬುವಂತಿಲ್ಲ. ಆದ್ದರಿಂದ ಕಥೆಯನ್ನು ಹಿಂದಿರುಗಿಸುತ್ತಿದ್ದೇವೆ.'

ಪತ್ರವನ್ನು ಮಡಿಸಿ ನನ್ನ ಕೈಗಿಟ್ಟಳು.

"ಅವರಿಗೇನು ಗೊತ್ತು, ಪಾಪ," ಎಂದಳು. "ನಿಮ್ಮ ಜೊತೆ ಒಂದು ದಿನ ಸಂಸಾರ ಮಾಡಿದ್ರೆ ಹೀಗೆ ಬರೀತಿರಲಿಲ್ಲ."